ಪರಮಾಣುವಿನೊಳಗೆ ಏನೇನಿದೆ? ಕೋಲಾರದ ಗಣಿಯಿಂದ ಬೋಡಿ ಬೆಟ್ಟದವರೆಗೆ

ತೇನಿ, ಬೋಡಿ, ಕಂಬಂ, ದಿಂಡಿಗಲ್ ಕಡೆಯ ನಮ್ಮ ಮನೆಗಳಲ್ಲಿ ಕೆಲವು ವರ್ಷಗಳಿಂದ ಒಂದು ಪದ ಆಗಾಗ ಕೇಳಿಬರುತ್ತಿದೆ: ನ್ಯೂಟ್ರಿನೋ. ಬೋಡಿನಾಯಕನೂರಿನ ಹತ್ತಿರದ ಪೊಟ್ಟಿಪುರದ ಬೆಟ್ಟದೊಳಗೆ ಪ್ರಯೋಗಾಲಯ ಕಟ್ಟುವ ಯೋಜನೆ ಬಂದಾಗಿನಿಂದ ಬಸ್‌ಸ್ಟ್ಯಾಂಡಿನ ಗೋಡೆಗಳ ಮೇಲೆ, ಪತ್ರಿಕೆಗಳಲ್ಲಿ, ಸಭೆಗಳಲ್ಲಿ ಆ ಪದವೇ. ಮನೆಯ ಹಿರಿಯರು ಕೇಳುವ ಪ್ರಶ್ನೆಯೂ ಒಂದೇ: "ಅದೇನಪ್ಪಾ ನ್ಯೂಟ್ರಿನೋ? ಅಣುಬಾಂಬಿನ ಸಾಮಾನಾ?"

ಕಂಬಂ ಕಣಿವೆಯಲ್ಲಿ ಹಿಂದೆ ಕನ್ನಡ ನಾಡಿನಿಂದ ಬಂದು ನೆಲೆಸಿದ ಕಾಪಿಲಿಯರ್ ಮೊದಲಾದ ಕುಟುಂಬಗಳು ಮನೆಯಲ್ಲಿ ಕನ್ನಡ ಆಡುತ್ತವೆ. ಮಕ್ಕಳು ಓದುವುದು ತಮಿಳಿನಲ್ಲಿ ಅಥವಾ ಇಂಗ್ಲಿಷಿನಲ್ಲಿ. ಹೀಗಾಗಿ ಶಾಲೆಯಲ್ಲಿ ಕಲಿತ ವಿಜ್ಞಾನವನ್ನು ಅಜ್ಜಿಗೆ, ತಾತನಿಗೆ ಮನೆಮಾತಿನಲ್ಲಿ ಹೇಳಲು ಮಕ್ಕಳಿಗೆ ಪದ ಸಿಗುವುದಿಲ್ಲ. ಆ ಕೊರತೆಯನ್ನು ಸ್ವಲ್ಪವಾದರೂ ತುಂಬಲು ಈ ಲೇಖನ ಬರೆದಿದ್ದೇವೆ. ಯೋಜನೆ ಬೇಕು ಅಥವಾ ಬೇಡ ಎಂದು ಹೇಳುವುದು ನಮ್ಮ ಉದ್ದೇಶವಲ್ಲ. ಯಾವುದಕ್ಕೆ ಹೆದರಬೇಕಿಲ್ಲ, ಯಾವುದನ್ನು ಬಿಡದೆ ಕೇಳಬೇಕು ಎಂದು ಬೇರೆ ಮಾಡಿ ನೋಡಬೇಕಾದರೆ ಪರಮಾಣುವಿನೊಳಗೆ ಏನಿದೆ ಎಂಬುದು ಮೊದಲು ಗೊತ್ತಿರಬೇಕು.

ಒಂದು ದಿಂಡಿಗಲ್ ಬೀಗದಿಂದ ಶುರು ಮಾಡೋಣ

ದಿಂಡಿಗಲ್ ಬೀಗ ನಮಗೆಲ್ಲ ಗೊತ್ತು. 2019ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಆ ಬೀಗದ ಕಬ್ಬಿಣವನ್ನು ಅರೆದು ಅರೆದು ಪುಡಿ ಮಾಡುತ್ತಾ ಹೋದರೆ, ಕಬ್ಬಿಣ ಎಂದು ಕರೆಯಬಹುದಾದ ಕೊನೆಯ ಕಣವೇ ಕಬ್ಬಿಣದ ಪರಮಾಣು. 56 ಗ್ರಾಂ ಕಬ್ಬಿಣದಲ್ಲಿ ಸುಮಾರು 6ರ ಮುಂದೆ 23 ಸೊನ್ನೆ ಬರೆದಷ್ಟು ಪರಮಾಣುಗಳಿವೆ.

ಪ್ರತಿಯೊಂದು ಪರಮಾಣುವಿನಲ್ಲಿ ಎರಡು ಭಾಗ. ನಡುವೆ ಬೀಜ, ಅಂದರೆ ನ್ಯೂಕ್ಲಿಯಸ್. ಅದರ ಸುತ್ತ ಎಲೆಕ್ಟ್ರಾನುಗಳು. ಬೀಜದೊಳಗೆ ಪ್ರೋಟಾನು, ನ್ಯೂಟ್ರಾನು ಎಂಬ ಎರಡು ಬಗೆಯ ಕಣಗಳು. ಸಾಮಾನ್ಯ ಕಬ್ಬಿಣದ ಬೀಜದಲ್ಲಿ 26 ಪ್ರೋಟಾನು, 30 ನ್ಯೂಟ್ರಾನು. ಹೊರಗೆ 26 ಎಲೆಕ್ಟ್ರಾನು. ಪ್ರೋಟಾನಿಗೆ ಧನ ವಿದ್ಯುದಂಶ, ಎಲೆಕ್ಟ್ರಾನಿಗೆ ಅಷ್ಟೇ ಪ್ರಮಾಣದ ಋಣ ವಿದ್ಯುದಂಶ, ನ್ಯೂಟ್ರಾನಿಗೆ ಯಾವುದೂ ಇಲ್ಲ. 26ಕ್ಕೆ 26 ಸರಿಹೋಗುವುದರಿಂದ ಬೀಗವನ್ನು ಮುಟ್ಟಿದರೆ ನಮಗೆ ಶಾಕ್ ಹೊಡೆಯುವುದಿಲ್ಲ.

ಒಂದು ವಸ್ತು ಯಾವುದು ಎಂದು ತೀರ್ಮಾನಿಸುವುದು ಪ್ರೋಟಾನುಗಳ ಎಣಿಕೆ. 26 ಇದ್ದರೆ ಕಬ್ಬಿಣ, 79 ಇದ್ದರೆ ಚಿನ್ನ, 6 ಇದ್ದರೆ ಇಂಗಾಲ. ಹೊರಗಿನ ಎಲೆಕ್ಟ್ರಾನುಗಳ ಜೋಡಣೆಯೇ ರಸಾಯನಶಾಸ್ತ್ರ: ಕಬ್ಬಿಣ ತುಕ್ಕು ಹಿಡಿಯುವುದು, ಉಪ್ಪು ನೀರಿನಲ್ಲಿ ಕರಗುವುದು, ಅನ್ನ ಜೀರ್ಣವಾಗುವುದು ಎಲ್ಲವೂ ಎಲೆಕ್ಟ್ರಾನುಗಳ ಕೆಲಸ. ಇದರಲ್ಲಿ ಬೀಜಕ್ಕೆ ಏನೂ ಆಗುವುದಿಲ್ಲ.

ಬೀಜ ಎಷ್ಟು ಚಿಕ್ಕದು? ಕಬ್ಬಿಣದ ಬೀಜವನ್ನು ಕಂಬಂನ ಒಂದು ಪನ್ನೀರ್ ದ್ರಾಕ್ಷಿಯಷ್ಟು, ಅಂದರೆ ಸುಮಾರು 2 ಸೆಂ.ಮೀ. ಎಂದು ಊಹಿಸಿದರೆ, ಇಡೀ ಪರಮಾಣು ಅರ್ಧ ಕಿಲೋಮೀಟರಿನಷ್ಟು ಅಗಲವಾಗುತ್ತದೆ. ಅಷ್ಟು ದೊಡ್ಡ ತೋಟದ ನಡುವೆ ಒಂದೇ ಒಂದು ದ್ರಾಕ್ಷಿ. ಆದರೂ ತೋಟದ ತೂಕದಲ್ಲಿ ನೂರಕ್ಕೆ 99.9 ಪಾಲಿಗಿಂತ ಹೆಚ್ಚು ಆ ದ್ರಾಕ್ಷಿಯಲ್ಲೇ ಇದೆ. ಒಂದು ಪ್ರೋಟಾನು ಸುಮಾರು 1836 ಎಲೆಕ್ಟ್ರಾನುಗಳಷ್ಟು ತೂಗುತ್ತದೆ. ನ್ಯೂಟ್ರಾನು ಅದಕ್ಕಿಂತ ತುಸು ಹೆಚ್ಚು.

ಕಂಡುಹಿಡಿದ ಬಗೆ

1897ರಲ್ಲಿ ಜೆ. ಜೆ. ಥಾಮ್ಸನ್ ಎಲೆಕ್ಟ್ರಾನನ್ನು ಗುರುತಿಸಿದರು. 1909ರಲ್ಲಿ ಗೈಗರ್ ಮತ್ತು ಮಾರ್ಸ್ಡೆನ್ ತೆಳುವಾದ ಚಿನ್ನದ ಹಾಳೆಯ ಮೇಲೆ ಆಲ್ಫಾ ಕಣಗಳನ್ನು ಹಾಯಿಸಿದಾಗ ಹೆಚ್ಚಿನವು ಹಾಳೆಯೇ ಇಲ್ಲವೇನೋ ಎಂಬಂತೆ ದಾಟಿಹೋದವು. ಬಹಳ ಕೆಲವು ಮಾತ್ರ ಹಿಂದಕ್ಕೆ ಚಿಮ್ಮಿದವು. ಪರಮಾಣುವಿನ ನಡುವೆ ಗಟ್ಟಿಯಾದ ಬೀಜ ಇದೆ ಎಂದು ರದರ್‌ಫೋರ್ಡ್ 1911ರಲ್ಲಿ ಇದಕ್ಕೆ ಅರ್ಥ ಹೇಳಿದರು. 1932ರಲ್ಲಿ ಚಾಡ್ವಿಕ್ ನ್ಯೂಟ್ರಾನನ್ನು ಕಂಡುಹಿಡಿದರು.

ಒಂದೇ ಬಗೆಯ ವಿದ್ಯುದಂಶಗಳು ಒಂದನ್ನೊಂದು ತಳ್ಳುತ್ತವೆ. ಹಾಗಿದ್ದರೆ 26 ಪ್ರೋಟಾನುಗಳು ಅಷ್ಟು ಇಕ್ಕಟ್ಟಿನ ಜಾಗದಲ್ಲಿ ಸಿಡಿದುಹೋಗದೆ ಕೂತಿರುವುದು ಹೇಗೆ? ಅವನ್ನು ಕಟ್ಟಿಹಾಕುವ ಇನ್ನೊಂದು ಬಲವಿದೆ. ಅದಕ್ಕೆ ಪ್ರಬಲ ಬಲ ಎಂದು ಹೆಸರು. ಬಹಳ ಹತ್ತಿರದಲ್ಲಿ ಮಾತ್ರ ಅದರ ಆಟ. ನ್ಯೂಟ್ರಾನುಗಳು ಈ ಬಲಕ್ಕೆ ಕೈಜೋಡಿಸುತ್ತವೆ, ಆದರೆ ತಳ್ಳಾಟದಲ್ಲಿ ಸೇರುವುದಿಲ್ಲ. ಆದ್ದರಿಂದಲೇ ಬೀಜ ದೊಡ್ಡದಾದಷ್ಟೂ ನ್ಯೂಟ್ರಾನುಗಳು ಹೆಚ್ಚು ಬೇಕಾಗುತ್ತವೆ. ಚಿನ್ನದಲ್ಲಿ 79 ಪ್ರೋಟಾನಿಗೆ 118 ನ್ಯೂಟ್ರಾನು.

ಪ್ರೋಟಾನು, ನ್ಯೂಟ್ರಾನುಗಳೂ ಕೊನೆಯಲ್ಲ. 1964ರಲ್ಲಿ ಗೆಲ್‌ಮನ್ ಮತ್ತು ಜ್ವೈಗ್ ಕ್ವಾರ್ಕ್ ಎಂಬ ಇನ್ನೂ ಸಣ್ಣ ಕಣಗಳನ್ನು ಸೂಚಿಸಿದರು. ಎರಡು 'ಅಪ್' ಕ್ವಾರ್ಕ್, ಒಂದು 'ಡೌನ್' ಕ್ವಾರ್ಕ್ ಸೇರಿದರೆ ಪ್ರೋಟಾನು. ಒಂದು ಅಪ್, ಎರಡು ಡೌನ್ ಸೇರಿದರೆ ನ್ಯೂಟ್ರಾನು. ಇವನ್ನು ಹಿಡಿದಿಡುವ ಕಣಗಳಿಗೆ ಗ್ಲುಆನ್ ಎಂದು ಹೆಸರು. ಎಲೆಕ್ಟ್ರಾನನ್ನು ಒಡೆದು ಒಳಗೆ ಏನಾದರೂ ಇದೆ ಎಂದು ಇದುವರೆಗೆ ಯಾರೂ ತೋರಿಸಿಲ್ಲ.

ಬಾಳೆಹಣ್ಣಿನಿಂದ ಹೊರಡುವ ಕಣ

ಮೇಲಿನ ಪಟ್ಟಿಯಲ್ಲಿ ನ್ಯೂಟ್ರಿನೋ ಎಲ್ಲಿದೆ? ಪರಮಾಣುವಿನೊಳಗೆ ಅದು ಇಲ್ಲ. ಕೆಲವು ಬೀಜಗಳು ಬದಲಾಗುವಾಗ ಅದು ಹುಟ್ಟಿ ಹೊರಟುಹೋಗುತ್ತದೆ.

ನಮ್ಮ ಕಣಿವೆಯ ಬಾಳೆಹಣ್ಣನ್ನೇ ತೆಗೆದುಕೊಳ್ಳಿ. ಅದರಲ್ಲಿ ಪೊಟ್ಯಾಸಿಯಂ ಇದೆ. ಪೊಟ್ಯಾಸಿಯಂನ ಹತ್ತು ಸಾವಿರ ಪರಮಾಣುಗಳಲ್ಲಿ ಸುಮಾರು ಒಂದು ಪೊಟ್ಯಾಸಿಯಂ-40 ಎಂಬ ಬಗೆಯದು: 19 ಪ್ರೋಟಾನು, 21 ನ್ಯೂಟ್ರಾನು. ಇದು ಅಷ್ಟು ಸ್ಥಿರವಲ್ಲ. ಎಂದೋ ಒಮ್ಮೆ ಒಂದು ನ್ಯೂಟ್ರಾನು ಪ್ರೋಟಾನಾಗಿ ಬದಲಾಗುತ್ತದೆ. ಬೀಜ 20 ಪ್ರೋಟಾನು, 20 ನ್ಯೂಟ್ರಾನು ಇರುವ ಕ್ಯಾಲ್ಸಿಯಂ ಆಗುತ್ತದೆ. ಆ ಕ್ಷಣದಲ್ಲಿ ಒಂದು ಎಲೆಕ್ಟ್ರಾನು ಮತ್ತು ಒಂದು ಪ್ರತಿ-ನ್ಯೂಟ್ರಿನೋ ಹೊರಬೀಳುತ್ತವೆ. ಒಂದು ಬಾಳೆಹಣ್ಣಿನಲ್ಲಿ ಪೊಟ್ಯಾಸಿಯಂ-40ರ ಸುಮಾರು 14 ಬೀಜಗಳು ಪ್ರತಿ ಸೆಕೆಂಡಿಗೆ ಬದಲಾಗುತ್ತವೆ, ಅವುಗಳಲ್ಲಿ ಹತ್ತಕ್ಕೆ ಒಂಬತ್ತು ಈ ರೀತಿಯಲ್ಲಿ. ವಯಸ್ಕರ ದೇಹದಲ್ಲಿರುವ ಪೊಟ್ಯಾಸಿಯಂನಲ್ಲಿ ಇಂಥ ಬದಲಾವಣೆ ಸೆಕೆಂಡಿಗೆ ನಾಲ್ಕು ಸಾವಿರಕ್ಕೂ ಹೆಚ್ಚು. ಎಂದರೆ ಈ ಲೇಖನ ಓದುತ್ತಿರುವ ಪ್ರತಿಯೊಬ್ಬರೂ ಇದೇ ಹೊತ್ತಿನಲ್ಲಿ ಸಾವಿರಾರು ಪ್ರತಿ-ನ್ಯೂಟ್ರಿನೋಗಳನ್ನು ಹೊರಗೆ ಬಿಡುತ್ತಿದ್ದೀರಿ.

ನಮ್ಮ ಕಡೆಗೆ ಬರುವುದು ಇದಕ್ಕಿಂತ ಎಷ್ಟೋ ಹೆಚ್ಚು. ದಿಂಡಿಗಲ್ ಜಿಲ್ಲೆಯ ಕೊಡೈಕನಾಲ್‌ನಲ್ಲಿ 1899ರಿಂದ ಸೂರ್ಯನನ್ನು ನೋಡುವ ವೀಕ್ಷಣಾಲಯವಿದೆ. ಈಗ ಅದನ್ನು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ನಡೆಸುತ್ತಿದೆ. ಅಲ್ಲಿನ ದೂರದರ್ಶಕಗಳು ಕಾಣುವುದು ಸೂರ್ಯನ ಹೊರಮೈಯ ಬೆಳಕು. ಒಳಗಿನ ಕುಲುಮೆಯಲ್ಲಿ ಹೈಡ್ರೋಜನ್ ಹೀಲಿಯಂ ಆಗುವಾಗ ಹುಟ್ಟುವ ನ್ಯೂಟ್ರಿನೋಗಳು ಮಾತ್ರ ನೇರವಾಗಿ ಹೊರಬಂದು, ಎಂಟು ನಿಮಿಷ ಚಿಲ್ಲರೆಯಲ್ಲಿ ಭೂಮಿಗೆ ತಲುಪುತ್ತವೆ. ನಿಮ್ಮ ಹೆಬ್ಬೆರಳಿನ ಉಗುರಿನಷ್ಟು ಜಾಗದಲ್ಲಿ ಪ್ರತಿ ಸೆಕೆಂಡಿಗೆ ಸುಮಾರು 6,500 ಕೋಟಿ ಹಾದುಹೋಗುತ್ತವೆ. ರಾತ್ರಿಯೂ ಅಷ್ಟೇ, ಆಗ ಅವು ಕಾಲ ಕೆಳಗಿನಿಂದ ಭೂಮಿಯನ್ನು ತೂರಿ ಮೇಲೆ ಬರುತ್ತವೆ. ಅವಕ್ಕೆ ವಿದ್ಯುದಂಶವಿಲ್ಲ, ಪ್ರಬಲ ಬಲವೂ ತಾಗುವುದಿಲ್ಲ. ತೂಕ ಎಲೆಕ್ಟ್ರಾನಿನ ಹತ್ತು ಲಕ್ಷದ ಒಂದು ಪಾಲಿಗಿಂತ ಕಡಿಮೆ. ಆದ್ದರಿಂದ ಅವು ಯಾವುದನ್ನೂ ಮುಟ್ಟದೆ ಹೋಗುತ್ತವೆ.

ಹೆಸರಿನ ಗೊಂದಲ ಹಳೆಯದು

ನ್ಯೂಟ್ರಾನು ಬೇರೆ, ನ್ಯೂಟ್ರಿನೋ ಬೇರೆ. ಅಣುಬಾಂಬು, ಅಣುಸ್ಥಾವರಗಳಲ್ಲಿ ಯುರೇನಿಯಂ ಬೀಜವನ್ನು ಒಡೆಯುವುದು ನ್ಯೂಟ್ರಾನು. ನ್ಯೂಟ್ರಿನೋ ಯಾವ ಬೀಜವನ್ನೂ ಹಾಗೆ ಒಡೆದು ಸ್ಫೋಟ ಮಾಡಿಸಲಾರದು. ಈ ಎರಡು ಹೆಸರುಗಳನ್ನು ಕಲಸಿಬಿಟ್ಟವರು ನಮ್ಮ ಊರಿನವರು ಮಾತ್ರವಲ್ಲ. 1930ರಲ್ಲಿ ಪೌಲಿ ಈ ಕಣ ಇರಬೇಕೆಂದು ಊಹಿಸಿದಾಗ ಅದನ್ನು 'ನ್ಯೂಟ್ರಾನ್' ಎಂದೇ ಕರೆದಿದ್ದರು. ಎರಡು ವರ್ಷದ ಮೇಲೆ ಚಾಡ್ವಿಕ್ ಕಂಡ ಭಾರವಾದ ಕಣಕ್ಕೆ ಆ ಹೆಸರು ನಿಂತಿತು. ಆಮೇಲೆ ಇಟಲಿಯ ಫರ್ಮಿ ಪೌಲಿಯ ಕಣಕ್ಕೆ ತಮ್ಮ ಭಾಷೆಯಲ್ಲಿ 'ಪುಟ್ಟ ತಟಸ್ಥ ಕಣ' ಎಂಬ ಅರ್ಥ ಬರುವಂತೆ ನ್ಯೂಟ್ರಿನೋ ಎಂಬ ಹೆಸರನ್ನು ಬಳಕೆಗೆ ತಂದರು. 1956ರಲ್ಲಿ ಅಮೆರಿಕದ ಒಂದು ಅಣುಸ್ಥಾವರದ ಪಕ್ಕದಲ್ಲಿ ರೈನ್ಸ್ ಮತ್ತು ಕೋವನ್ ಅದು ನಿಜವಾಗಿ ಇದೆ ಎಂದು ತೋರಿಸಿದರು.

ಕೋಲಾರದ ಕತೆ

ಇಲ್ಲಿ ನಾವು ಕರ್ನಾಟಕಕ್ಕೆ ಹೋಗಿ ಬರಬೇಕು. ಬೋಡಿ ಯೋಜನೆಯ ಮೂಲ ಇರುವುದು ಕೋಲಾರದ ಚಿನ್ನದ ಗಣಿಯಲ್ಲಿ.

ಆಕಾಶದಿಂದ ವಿಶ್ವಕಿರಣಗಳು ಸದಾ ಬೀಳುತ್ತಿರುತ್ತವೆ. ಅವು ಹೆಚ್ಚಾಗಿ ಪ್ರೋಟಾನುಗಳು. ಗಾಳಿಯಲ್ಲಿನ ಬೀಜಗಳಿಗೆ ಅವು ಬಡಿದಾಗ ಹೊಸ ಕಣಗಳು ಹುಟ್ಟುತ್ತವೆ. ಕೊನೆಗೆ ನೆಲಕ್ಕೆ ತಲುಪುವುದು ಮುಖ್ಯವಾಗಿ ಮ್ಯುವಾನ್ ಮತ್ತು ನ್ಯೂಟ್ರಿನೋ. ಮ್ಯುವಾನ್ ಎಂದರೆ ಎಲೆಕ್ಟ್ರಾನಿನ ಸುಮಾರು 200 ಪಟ್ಟು ತೂಗುವ ಅಣ್ಣ. ನೆಲದ ಮೇಲೆ ಅಂಗೈ ಚಾಚಿದರೆ ಸೆಕೆಂಡಿಗೆ ಸುಮಾರು ಒಂದು ಮ್ಯುವಾನ್ ಹಾದುಹೋಗುತ್ತದೆ. ಈ ಗದ್ದಲದಲ್ಲಿ ನ್ಯೂಟ್ರಿನೋವಿನ ಪಿಸುಮಾತು ಕೇಳಿಸುವುದಿಲ್ಲ. ನೆಲದಾಳಕ್ಕೆ ಇಳಿದರೆ ಬಂಡೆ ಮ್ಯುವಾನುಗಳನ್ನು ತಡೆಯುತ್ತದೆ, ನ್ಯೂಟ್ರಿನೋ ಮಾತ್ರ ದಾಟಿ ಬರುತ್ತದೆ.

1951ರಲ್ಲಿ ಹೋಮಿ ಭಾಭಾ ಅವರ ಸೂಚನೆಯಂತೆ ಬಿ. ವಿ. ಶ್ರೀಕಂಠನ್ ಉಪಕರಣಗಳೊಡನೆ ಕೋಲಾರದ ಗಣಿಗೆ ಇಳಿದರು. ಶ್ರೀಕಂಠನ್ ಅವರು ನಂಜನಗೂಡಿನವರು. ಮುಂದೆ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ನಿರ್ದೇಶಕರಾದರು. ಮಂಗಳೂರಿನಲ್ಲಿ ಹುಟ್ಟಿದ ಎಂ. ಜಿ. ಕೆ. ಮೆನನ್ ಕೂಡ ಈ ಕೆಲಸದಲ್ಲಿ ಮುಂದಾಳು. ಮೇಲಿನಿಂದ ಬರುವ ಮ್ಯುವಾನುಗಳು ಬಹುತೇಕ ನಿಂತುಹೋಗುವಷ್ಟು ಆಳ ಸಿಕ್ಕ ಮೇಲೆ, ಇಂಗ್ಲೆಂಡಿನ ಡರ್ಹಂ ಮತ್ತು ಜಪಾನಿನ ಒಸಾಕಾ ಸಿಟಿ ವಿಶ್ವವಿದ್ಯಾಲಯಗಳ ಜೊತೆ ಸೇರಿ ಚಾಂಪಿಯನ್ ರೀಫ್ ಗಣಿಯಲ್ಲಿ ಸುಮಾರು 2.3 ಕಿ.ಮೀ. ಆಳದಲ್ಲಿ ಶೋಧಕಗಳನ್ನು ನಿಲ್ಲಿಸಿದರು. ಅಷ್ಟು ಆಳದಲ್ಲಿ ಅಡ್ಡಡ್ಡವಾಗಿ ಬರುವ ಮ್ಯುವಾನ್ ಮೇಲಿನಿಂದ ಬಂದಿರಲು ಸಾಧ್ಯವಿಲ್ಲ. ಪಕ್ಕದ ಬಂಡೆಗೆ ನ್ಯೂಟ್ರಿನೋ ಬಡಿದು ಹುಟ್ಟಿದ್ದೇ ಆಗಿರಬೇಕು. 1965ರಲ್ಲಿ ಅಂಥ ಗುರುತುಗಳು ಸಿಕ್ಕವು. ಗಾಳಿಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೋಗಳನ್ನು ಕಂಡ ಆ ವರದಿ 1965ರ ಆಗಸ್ಟ್ 15ರ ಸಂಚಿಕೆಯಲ್ಲಿ ಅಚ್ಚಾಯಿತು. ದಕ್ಷಿಣ ಆಫ್ರಿಕದ ಚಿನ್ನದ ಗಣಿಯೊಂದರಲ್ಲಿ ಇದೇ ಕೆಲಸ ಮಾಡಿದ ರೈನ್ಸ್ ತಂಡದ ವರದಿ ಎರಡು ವಾರದ ಮೇಲೆ ಬಂತು.

ಕೋಲಾರದ ಗಣಿಯಲ್ಲಿ ದುಡಿದವರಲ್ಲಿ ಬಹುಪಾಲು ತಮಿಳು ಮಾತಿನವರು ಎಂಬುದನ್ನೂ ನೆನೆಯಬೇಕು. ಕನ್ನಡ ನಾಡಿನಲ್ಲಿ ತಮಿಳರು ತೋಡಿದ ಆಳದಲ್ಲಿ ಆ ಪ್ರಯೋಗ ನಡೆಯಿತು. ತಮಿಳು ನಾಡಿನ ಕಣಿವೆಯಲ್ಲಿ ಕನ್ನಡ ಆಡುವ ನಮಗೆ ಇದು ಹತ್ತಿರದ ಸಂಗತಿ.

1980ರಲ್ಲಿ ಅಲ್ಲಿ ಪ್ರೋಟಾನು ತಾನಾಗಿ ಒಡೆಯುತ್ತದೆಯೇ ಎಂದು ನೋಡುವ ಪ್ರಯೋಗವೂ ಶುರುವಾಯಿತು. ಆದರೆ 1990ರ ದಶಕದ ಆರಂಭದಲ್ಲಿ ಪ್ರಯೋಗಾಲಯ ಮುಚ್ಚಿತು, 2001ರ ಫೆಬ್ರವರಿ 28ರಂದು ಗಣಿಯೂ ಮುಚ್ಚಿತು. ಆಳದ ಸುರಂಗಗಳಲ್ಲಿ ನೀರು ತುಂಬಿಕೊಂಡಿತು. 1998ರಲ್ಲಿ ಜಪಾನಿನ ಸೂಪರ್-ಕಾಮಿಯೊಕಾಂಡೆ ಪ್ರಯೋಗ, ಗಾಳಿಮಂಡಲದ ಇದೇ ನ್ಯೂಟ್ರಿನೋಗಳು ದಾರಿಯಲ್ಲಿ ಬಗೆ ಬದಲಿಸುತ್ತವೆ, ಆದ್ದರಿಂದ ಅವಕ್ಕೆ ತೂಕವಿದೆ ಎಂದು ತೋರಿಸಿತು. ಅದಕ್ಕೆ 2015ರಲ್ಲಿ ನೊಬೆಲ್ ಬಂತು. ನಮ್ಮ ದೇಶದಲ್ಲಿ ಆ ಹೊತ್ತಿಗೆ ಇಂಥ ಕೆಲಸಕ್ಕೆ ನೆಲದಾಳದ ಜಾಗವೇ ಉಳಿದಿರಲಿಲ್ಲ.

ಬೋಡಿ ಬೆಟ್ಟಕ್ಕೆ ಬಂದದ್ದು

ಹೊಸ ಜಾಗದ ಹುಡುಕಾಟ ಮೊದಲು ನೀಲಗಿರಿಯ ಸಿಂಗಾರಕ್ಕೆ ಹೋಯಿತು. ಮುದುಮಲೈ ಹುಲಿ ಕಾಡಿನ ಅಂಚು ಎಂಬ ಕಾರಣಕ್ಕೆ 2009ರಲ್ಲಿ ಅದಕ್ಕೆ ಅನುಮತಿ ಸಿಗಲಿಲ್ಲ. ಆಮೇಲೆ ಆರಿಸಿದ್ದು ಪೊಟ್ಟಿಪುರದ ಬೆಟ್ಟ. ಗಟ್ಟಿಯಾದ ಚಾರ್ನಕೈಟ್ ಬಂಡೆ, ಸುತ್ತ ಎಲ್ಲ ಕಡೆ ಕನಿಷ್ಠ 1 ಕಿ.ಮೀ. ದಪ್ಪ. ಅಷ್ಟು ಬಂಡೆ ಮ್ಯುವಾನುಗಳನ್ನು ಸುಮಾರು ಹತ್ತು ಲಕ್ಷದಲ್ಲಿ ಒಂದಕ್ಕೆ ಇಳಿಸುತ್ತದೆ. 2015ರ ಜನವರಿಯಲ್ಲಿ ಕೇಂದ್ರ ಸಚಿವ ಸಂಪುಟ ಸುಮಾರು 1,500 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು.

ಯೋಜನೆಯ ಲೆಕ್ಕ ಹೀಗಿದೆ: ಸುಮಾರು 2 ಕಿ.ಮೀ. ಸುರಂಗ, ಕೊನೆಯಲ್ಲಿ ಒಂದು ದೊಡ್ಡ ಗುಹೆ. ಅದರೊಳಗೆ 50,000 ಟನ್ನಿನಷ್ಟು ಕಬ್ಬಿಣ, 5.6 ಸೆಂ.ಮೀ. ದಪ್ಪದ ಫಲಕಗಳಾಗಿ ಸುಮಾರು 150 ಪದರ. ಪದರಗಳ ನಡುವೆ ಅನಿಲ ಹಾಯಿಸಿದ ಗಾಜಿನ ಶೋಧಕಗಳು. ಕೋಟಿ ಕೋಟಿ ನ್ಯೂಟ್ರಿನೋಗಳಲ್ಲಿ ಎಲ್ಲೋ ಒಂದು ಕಬ್ಬಿಣದ ಬೀಜಕ್ಕೆ ಬಡಿದು ಮ್ಯುವಾನ್ ಹುಟ್ಟಿಸುತ್ತದೆ. ಇಷ್ಟು ದೊಡ್ಡ ರಾಶಿಯಲ್ಲೂ ದಿನಕ್ಕೆ ಬೆರಳೆಣಿಕೆಯಷ್ಟು. ಕಬ್ಬಿಣವನ್ನು ಅಯಸ್ಕಾಂತ ಮಾಡಿರುವುದರಿಂದ ಧನ ಮ್ಯುವಾನ್ ಒಂದು ಕಡೆಗೆ, ಋಣ ಮ್ಯುವಾನ್ ಇನ್ನೊಂದು ಕಡೆಗೆ ಬಾಗುತ್ತದೆ. ಬಂದದ್ದು ನ್ಯೂಟ್ರಿನೋವೋ ಪ್ರತಿ-ನ್ಯೂಟ್ರಿನೋವೋ ಎಂದು ಅದರಿಂದ ತಿಳಿಯುತ್ತದೆ. ಮೂರು ಬಗೆಯ ನ್ಯೂಟ್ರಿನೋ ತೂಕಗಳ ಕ್ರಮವನ್ನು ಗೊತ್ತುಮಾಡುವುದು ಗುರಿ. ಇದರ 85 ಟನ್ನಿನ ಪುಟ್ಟ ಮಾದರಿಯೊಂದನ್ನು ಮದುರೈಯಲ್ಲಿ ನೆಲದ ಮೇಲೆ ಕಟ್ಟಿ ನಡೆಸಿದ್ದಾರೆ.

ಹೆದರಬೇಕಿಲ್ಲದ್ದು, ಕೇಳಲೇಬೇಕಾದದ್ದು

ನ್ಯೂಟ್ರಿನೋದಿಂದ ನಮಗೆ ಅಪಾಯವಿಲ್ಲ. ಪ್ರಯೋಗಾಲಯ ಇದ್ದರೂ ಇಲ್ಲದಿದ್ದರೂ ಅವು ನಮ್ಮ ಮೈಯೊಳಗೆ ಹಾದುಹೋಗುತ್ತಲೇ ಇವೆ. ಪೊಟ್ಟಿಪುರದ ಶೋಧಕ ಅವನ್ನು ಹುಟ್ಟಿಸುವ ಯಂತ್ರವಲ್ಲ, ಎಣಿಸುವ ಯಂತ್ರ. ಅದರಲ್ಲಿ ಯುರೇನಿಯಂ ಇಲ್ಲ, ಬೀಜ ಒಡೆಯುವ ಕೆಲಸವೂ ಇಲ್ಲ. ಮುಂದೆಂದಾದರೂ ವಿದೇಶದ ವೇಗವರ್ಧಕದಿಂದ ನ್ಯೂಟ್ರಿನೋ ಕಳುಹಿಸಿ ಇಲ್ಲಿ ಹಿಡಿಯಬಹುದು ಎಂಬ ಮಾತು ಆರಂಭದ ಯೋಜನೆಯಲ್ಲಿ ಇತ್ತು. ಮೊದಲ ಹಂತ ಮಾತ್ರ ಪೂರ್ತಿ ಪ್ರಕೃತಿಯ ನ್ಯೂಟ್ರಿನೋಗಳದೇ.

ಆದರೆ ಬೆಟ್ಟ ಕೊರೆಯುವುದು ನ್ಯೂಟ್ರಿನೋ ಅಲ್ಲ, ಸಿಡಿಮದ್ದು. ಕಲ್ಲುಪುಡಿಯ ರಾಶಿ ಎಲ್ಲಿ ಬೀಳುತ್ತದೆ? ಬಾವಿಗಳ ನೀರಿಗೆ ಏನಾಗುತ್ತದೆ? ಮೇಯಿಸುವ ಜಾಗ ಉಳಿಯುತ್ತದೆಯೇ? ಪ್ರಾಣಿಗಳ ದಾರಿ ಮುಚ್ಚುತ್ತದೆಯೇ? ಇವು ಪರಮಾಣುವಿನ ಪ್ರಶ್ನೆಗಳಲ್ಲ, ಊರಿನ ಪ್ರಶ್ನೆಗಳು. ಇವನ್ನು ಕೇಳಿದವರಿಗೆ "ನ್ಯೂಟ್ರಿನೋ ಏನೂ ಮಾಡುವುದಿಲ್ಲ" ಎಂಬುದು ಉತ್ತರವಾಗುವುದಿಲ್ಲ. ಹಾಗೆಯೇ ಅಣುಬಾಂಬಿನ ಭಯ ಹುಟ್ಟಿಸುವುದರಿಂದ ಈ ನಿಜವಾದ ಪ್ರಶ್ನೆಗಳೇ ಮರೆಗೆ ಸರಿಯುತ್ತವೆ.

ನ್ಯಾಯಾಲಯಗಳಲ್ಲಿ ನಿಂತದ್ದೂ ಇವೇ ಪ್ರಶ್ನೆಗಳು. 2017ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಪರಿಸರ ಅನುಮತಿಯನ್ನು ತಡೆಹಿಡಿಯಿತು. 2018ರಲ್ಲಿ ಕೇಂದ್ರ ಮತ್ತೆ ಅನುಮತಿ ಕೊಟ್ಟಿತು. ಅದೇ ವರ್ಷ ನ್ಯಾಯಮಂಡಳಿ ಆ ಅನುಮತಿಯನ್ನು ಉಳಿಸಿತು. ಆದರೆ ಕೇರಳದ ಮತಿಕೆಟ್ಟಾನ್ ಶೋಲಾ ರಾಷ್ಟ್ರೀಯ ಉದ್ಯಾನ 5 ಕಿ.ಮೀ. ಒಳಗೇ ಇರುವುದರಿಂದ ವನ್ಯಜೀವಿ ಮಂಡಳಿಯ ಒಪ್ಪಿಗೆಯೂ ಬೇಕು ಎಂದಿತು. 2021ರಲ್ಲಿ ಶ್ರೀವಿಲ್ಲಿಪುತ್ತೂರು-ಮೇಘಮಲೈ ಹುಲಿ ಸಂರಕ್ಷಿತ ಪ್ರದೇಶ ಘೋಷಣೆಯಾಯಿತು. 2022ರ ಫೆಬ್ರವರಿಯಲ್ಲಿ ತಮಿಳುನಾಡು ಸರ್ಕಾರ, ಹುಲಿಗಳ ಓಡಾಟದ ದಾರಿಯಾದ ಈ ಬೆಟ್ಟಸಾಲಿನಲ್ಲಿ ಯೋಜನೆಗೆ ಅವಕಾಶ ಕೊಡಲಾಗದು ಎಂದು ಸುಪ್ರೀಂ ಕೋರ್ಟಿಗೆ ತಿಳಿಸಿತು. ಬೆಟ್ಟದ ಸುರಂಗದ ಕೆಲಸ ಶುರುವಾಗಿಲ್ಲ. ಅತ್ತ ಚೀನಾದ ಜುನೋ ಎಂಬ ಪ್ರಯೋಗ ಬೇರೆ ದಾರಿಯಿಂದ ಅದೇ ತೂಕದ ಕ್ರಮವನ್ನು ಹುಡುಕಲು 2025ರಲ್ಲಿ ಕೆಲಸ ಆರಂಭಿಸಿದೆ.

ಕೋಲಾರದಲ್ಲಿ ಗಣಿ ಮೊದಲೇ ಇತ್ತು, ವಿಜ್ಞಾನ ಅದರೊಳಗೆ ಇಳಿಯಿತು. ಇಲ್ಲಿ ವಿಜ್ಞಾನಕ್ಕಾಗಿ ಬೆಟ್ಟ ಕೊರೆಯಬೇಕು. ಎರಡು ಊರಿನ ಕತೆಗೂ ಇರುವ ಮುಖ್ಯ ವ್ಯತ್ಯಾಸ ಇದೇ ಎಂದು ನಮಗೆ ತೋರುತ್ತದೆ.

ಮನೆಯಲ್ಲಿ ಹೇಳಲು ಪದಗಳು

ಪರಮಾಣು: ಒಂದು ಮೂಲವಸ್ತುವಿನ ಅತಿ ಸಣ್ಣ ಕಣ.
ಬೀಜ (ನ್ಯೂಕ್ಲಿಯಸ್): ಪರಮಾಣುವಿನ ನಡುಭಾಗ, ತೂಕವೆಲ್ಲ ಇಲ್ಲೇ.
ಪ್ರೋಟಾನು: ಬೀಜದೊಳಗಿನ ಧನ ಕಣ, ಇದರ ಎಣಿಕೆಯೇ ವಸ್ತುವಿನ ಗುರುತು.
ನ್ಯೂಟ್ರಾನು: ಬೀಜದೊಳಗಿನ ತಟಸ್ಥ ಕಣ, ಅಣುಸ್ಥಾವರದಲ್ಲಿ ಕೆಲಸ ಮಾಡುವುದು ಇದು.
ಎಲೆಕ್ಟ್ರಾನು: ಬೀಜದ ಹೊರಗಿನ ಋಣ ಕಣ.
ಕ್ವಾರ್ಕ್: ಪ್ರೋಟಾನು, ನ್ಯೂಟ್ರಾನುಗಳ ಒಳಗಿನ ಕಣ.
ಮ್ಯುವಾನ್: ಎಲೆಕ್ಟ್ರಾನಿನ ಭಾರವಾದ ಅಣ್ಣ.
ನ್ಯೂಟ್ರಿನೋ: ಬೀಜ ಬದಲಾಗುವಾಗಲೂ ವಿಶ್ವಕಿರಣ ಗಾಳಿಗೆ ಬಡಿದಾಗಲೂ ಹುಟ್ಟಿ, ಹೆಚ್ಚಾಗಿ ಯಾವುದನ್ನೂ ಮುಟ್ಟದೆ ಹೋಗುವ ಕಣ.

ನಮ್ಮ ಸದಸ್ಯರು ಈ ಲೇಖನವನ್ನು ಮನೆಯ ಹಿರಿಯರಿಗೆ ಓದಿ ಹೇಳಬೇಕೆಂದು ಕೋರುತ್ತೇವೆ. ನಿಮ್ಮ ಮನೆಮಾತಿನಲ್ಲಿ ಇವಕ್ಕೆ ಇನ್ನೂ ಸಲೀಸಾದ ಪದಗಳಿದ್ದರೆ ನಮಗೆ ಬರೆದು ತಿಳಿಸಿ, ಪಟ್ಟಿಗೆ ಸೇರಿಸುತ್ತೇವೆ.